ಕೋಚ್ ಬದಲಿಸಿದರೆ ತಂಡಕ್ಕೆ ಏನಾಗುತ್ತದೆ? ಭಾರತದ ಹಾಕಿ ಬಗ್ಗೆ ಸಿಟ್ಟಿನಿಂದಲೇ ಒಂದು ವಿವರಣೆ

"ಅಲ್ಲ ಮಾರಾಯ, ಆಡುವುದು ಮೈದಾನದಲ್ಲಿರುವ ಹನ್ನೊಂದು ಜನ. ಕೋಚ್ ಅಂದ್ರೆ ಹೊರಗೆ ನಿಂತು ಬೊಬ್ಬೆ ಹಾಕುವವ. ಒಬ್ಬ ಹೋದರೆ ಇನ್ನೊಬ್ಬ ಬರ್ತಾನೆ. ಅದಕ್ಕೆ ನೀನು ಎಂತಕ್ಕೆ ಇಷ್ಟು ತಲೆಬಿಸಿ ಮಾಡುವುದು?"

ಉಪ್ಪಳದಲ್ಲಿ ಭಾವನ ಅಂಗಡಿಯಲ್ಲಿ ಚಾ ಕುಡಿಯುತ್ತಾ ಕೂತಿದ್ದಾಗ ಅವರು ಕೇಳಿದ ಪ್ರಶ್ನೆ ಇದು. ಅವರು ಕೇಳಿದ್ದರಲ್ಲಿ ತಪ್ಪಿಲ್ಲ. ನಮ್ಮ ಕಾಸರಗೋಡು ಫುಟ್‌ಬಾಲಿನ ಊರು, ಕಬಡ್ಡಿಯ ಊರು. ಫುಟ್‌ಬಾಲ್ ವಿಶ್ವಕಪ್ ಬಂತೆಂದರೆ ಬ್ರೆಜಿಲ್, ಅರ್ಜೆಂಟೀನಾ ಬಾವುಟಗಳು ರಸ್ತೆಯುದ್ದಕ್ಕೂ ಹಾರುತ್ತವೆ. ಹಾಕಿ ನೋಡುವವರು ಕಡಿಮೆ. ಗೋಲ್‌ಕೀಪರ್ ಶ್ರೀಜೇಶ್ ಕೇರಳದವರು ಅಂತ ಟೋಕಿಯೋ ಒಲಿಂಪಿಕ್ಸ್ ಆದ ಮೇಲೆ ಸ್ವಲ್ಪ ಮಾತು ಶುರುವಾಯಿತು, ಅಷ್ಟೇ.

ನನಗೆ ಹಾಕಿ ಹುಚ್ಚು ಹತ್ತಿದ್ದು ಘಟ್ಟದ ಮೇಲೆ. ಜಾಲ್ಸೂರು, ಸುಳ್ಯ ದಾಟಿ, ಸಂಪಾಜೆಯ ತಿರುವುಗಳನ್ನು ಹತ್ತಿ ಮಡಿಕೇರಿಗೆ ಹೋಗಿ ಮೂರು ವರ್ಷ ಕಾಲೇಜು ಓದಿದೆ. ಅಲ್ಲಿ ಹಾಕಿ ಅಂದರೆ ಮನೆಯ ಮಾತು. 1997ರಲ್ಲಿ ಪಾಂಡಂಡ ಕುಟ್ಟಪ್ಪನವರು ಕರಡದಲ್ಲಿ 60 ಕೊಡವ ಕುಟುಂಬಗಳನ್ನು ಸೇರಿಸಿ ಶುರು ಮಾಡಿದ ಹಾಕಿ ಹಬ್ಬದಲ್ಲಿ 2024ರ ಹೊತ್ತಿಗೆ 360 ಕುಟುಂಬಗಳು ಆಡಿದವು. ಪ್ರತಿ ವರ್ಷ ಒಂದೊಂದು ಕುಟುಂಬ ಜವಾಬ್ದಾರಿ ಹೊತ್ತುಕೊಳ್ಳುತ್ತದೆ, ಮುಂದಿನ ವರ್ಷ ಯಾರು ಅನ್ನುವುದು ಮೊದಲೇ ಗೊತ್ತಿರುತ್ತದೆ. ಒಂದು ಜಿಲ್ಲೆಯ ಮನೆತನಗಳು ತಾವಾಗಿ ಇಷ್ಟು ಚೆಂದ ನಡೆಸುವ ಕೆಲಸವನ್ನು ಒಂದು ದೇಶದ ಹಾಕಿ ಸಂಸ್ಥೆ ಯಾಕೆ ನಡೆಸಲಾರದು ಅನ್ನುವ ಸಂಕಟ ನನಗೆ ಅಲ್ಲಿಂದಲೇ ಶುರು.

ಸರಿ, ಭಾವನ ಪ್ರಶ್ನೆಗೆ ಬರೋಣ. ಅವರಿಗೆ ನಾನು ಯಕ್ಷಗಾನದಿಂದಲೇ ಹೇಳಲು ಶುರು ಮಾಡಿದೆ.

ಆಟದಲ್ಲಿ ಪದ ಹಾಡುವ ಭಾಗವತರು ಕುಣಿಯುವುದಿಲ್ಲ, ಅರ್ಥ ಹೇಳುವುದಿಲ್ಲ, ವೇಷ ಕಟ್ಟುವುದಿಲ್ಲ. ಆದರೂ ಅವರನ್ನೇ ಮೊದಲನೇ ವೇಷ ಅನ್ನುತ್ತೇವೆ. ಯಾವ ಪದ ಎಷ್ಟು ಎಳೆಯಬೇಕು, ಮಾತು ಜಾಸ್ತಿಯಾದಾಗ ಯಾವಾಗ ಮುಂದಿನ ಪದ ಎತ್ತಿಕೊಳ್ಳಬೇಕು, ಚೆಂಡೆಗೆ ಎಲ್ಲಿ ಜಾಗ ಬಿಡಬೇಕು ಅಂತ ನೋಡಿಕೊಳ್ಳುವುದು ಅವರು. ಒಬ್ಬ ಭಾಗವತರ ಜೊತೆ ನಾಲ್ಕು ತಿರುಗಾಟ ಮಾಡಿದ ಕಲಾವಿದನಿಗೆ ಅವರ ಉಸಿರು ಕೇಳಿದರೆ ಸಾಕು, ಮುಂದೇನು ಅಂತ ತಿಳಿಯುತ್ತದೆ. ಈಗ ರಾತ್ರಿ ಹನ್ನೆರಡಕ್ಕೆ ಪ್ರಸಂಗದ ನಡುವೆ ಅವರನ್ನು ಎಬ್ಬಿಸಿ ಕಳಿಸಿ, ಬೇರೆ ಶೈಲಿಯ ಇನ್ನೊಬ್ಬರನ್ನು ಕೂರಿಸಿದರೆ? ಬಂದವರು ದೊಡ್ಡ ವಿದ್ವಾಂಸರೇ ಇರಬಹುದು. ರಂಗದ ಮೇಲಿರುವವರೂ ಅದೇ ಕಲಾವಿದರು. ಆದರೂ ಹೆಜ್ಜೆ ತಪ್ಪುತ್ತದೆ. ಅದಕ್ಕೇ ಮೇಳದ ಯಜಮಾನರು ಬದಲಾವಣೆ ಏನಿದ್ದರೂ ಮೇಳದ ವರ್ಷದ ತಿರುಗಾಟ ಮುಗಿಯುವ ಪತ್ತನಾಜೆ ಕಳೆದು ಗೆಜ್ಜೆ ಬಿಚ್ಚಿದ ಮೇಲೆ, ಮಳೆಗಾಲದಲ್ಲಿ ಮಾಡುತ್ತಾರೆ.

ಹಾಕಿಯಲ್ಲಿ ಪತ್ತನಾಜೆ ಅಂದರೆ ಒಲಿಂಪಿಕ್ಸ್. ನಾಲ್ಕು ವರ್ಷಕ್ಕೊಮ್ಮೆ. ಅಲ್ಲಿಯವರೆಗೆ ಒಂದೇ ತಿರುಗಾಟ.

ಈ ಆಟಕ್ಕೆ ಕೋಚ್ ಯಾಕೆ ಇಷ್ಟು ಬೇಕು ಅಂತ ತಿಳಿಯಲು ಎರಡು ಮೂರು ಸಂಗತಿ ನೋಡಬೇಕು. ಮೊದಲನೆಯದು ಆಟಗಾರರ ಬದಲಾವಣೆ. ಹಾಕಿಯಲ್ಲಿ ಎಷ್ಟು ಸಲ ಬೇಕಾದರೂ ಆಟಗಾರರನ್ನು ಹೊರಗೆ ಕರೆದು ಒಳಗೆ ಕಳಿಸಬಹುದು. ಹದಿನೈದು ನಿಮಿಷದ ನಾಲ್ಕು ಭಾಗ. ಫಾರ್ವರ್ಡ್ ಆಡುವವನು ಕೆಲವು ನಿಮಿಷ ಜೀವ ಬಿಟ್ಟು ಓಡುತ್ತಾನೆ, ಹೊರಗೆ ಬಂದು ನೀರು ಕುಡಿಯುತ್ತಾನೆ, ಮತ್ತೆ ಒಳಗೆ ಹೋಗುತ್ತಾನೆ. ಹೀಗೆ ಒಂದು ಪಂದ್ಯದಲ್ಲಿ ಹತ್ತಾರು ಸಲ ತಂಡದ ರೂಪ ಬದಲಾಗುತ್ತದೆ. ಯಾರ ಜೊತೆ ಯಾರು ಒಳಗಿರಬೇಕು, ಯಾರಿಗೆ ಎಷ್ಟು ನಿಮಿಷದಲ್ಲಿ ಕಾಲು ಸೋಲುತ್ತದೆ ಅನ್ನುವ ಲೆಕ್ಕ ಕೋಚ್ ಹತ್ತಿರ ಇರುತ್ತದೆ. ಆ ಲೆಕ್ಕ ಕೂಡಲು ತಿಂಗಳುಗಟ್ಟಲೆ ಕ್ಯಾಂಪ್ ಬೇಕು.

ಎರಡನೆಯದು ಪ್ರೆಸ್. ಚೆಂಡು ಎದುರಾಳಿಯ ಕೈಯಲ್ಲಿದ್ದಾಗ ನಮ್ಮವರು ಎಲ್ಲಿ ನಿಲ್ಲಬೇಕು ಅನ್ನುವ ಪಾಠ. ಒಬ್ಬ ಕೋಚ್, ಅವರ ಗೋಲಿನ ಹತ್ತಿರವೇ ಹೋಗಿ ಮುತ್ತಿಗೆ ಹಾಕಿ ಅನ್ನುತ್ತಾರೆ. ಇನ್ನೊಬ್ಬರು, ಅರ್ಧ ಮೈದಾನ ಬಿಟ್ಟುಕೊಡಿ, ನಡುಗೆರೆ ದಾಟಿದ ಮೇಲೆ ಬಲೆ ಎಳೆಯಿರಿ ಅನ್ನುತ್ತಾರೆ. ಎರಡೂ ಸರಿ. ಆದರೆ ಹತ್ತು ಜನರಲ್ಲಿ ಏಳು ಮಂದಿ ಹೊಸ ಪಾಠದಂತೆ ಹಿಂದೆ ನಿಂತು, ಮೂವರು ಹಳೆ ಅಭ್ಯಾಸದಿಂದ ಮುಂದೆ ಓಡಿದರೆ ನಡುವೆ ದೊಡ್ಡ ಕಂಡಿ ಬೀಳುತ್ತದೆ. ಟಿವಿಯಲ್ಲಿ ನೋಡುವ ನಮಗೆ "ಛೆ, ಡಿಫೆಂಡರ್ ಮಲಗಿದ್ದಾನಾ" ಅನ್ನಿಸುತ್ತದೆ. ಅವನು ಮಲಗಿರುವುದಿಲ್ಲ. ಎರಡು ಪಾಠಗಳ ನಡುವೆ ಸಿಕ್ಕಿಕೊಂಡಿರುತ್ತಾನೆ.

ಮೂರನೆಯದು ಪೆನಾಲ್ಟಿ ಕಾರ್ನರ್. ಇದನ್ನು ನಾನು ಸ್ವಂತ ಕಣ್ಣಲ್ಲಿ ಕಂಡವನು, ಹಾಗಾಗಿ ಸ್ವಲ್ಪ ಉದ್ದಕ್ಕೆ ಹೇಳುತ್ತೇನೆ. ಗೋಲಿನ ಪಕ್ಕದ ಹಿಂಗೆರೆಯಿಂದ ಒಬ್ಬ ಚೆಂಡು ತಳ್ಳುತ್ತಾನೆ. ಡಿ ಅನ್ನುತ್ತೇವಲ್ಲ, ಆ ಗೆರೆಯ ಹೊರಗೆ ಒಬ್ಬ ಅದನ್ನು ನಿಲ್ಲಿಸುತ್ತಾನೆ. ಮೂರನೆಯವನು ಬಾಗಿ ಸ್ಟಿಕ್ಕಿನಲ್ಲೇ ಚೆಂಡನ್ನು ಎಳೆದು ಗೋಲಿನತ್ತ ಬೀಸುತ್ತಾನೆ. ಅದೇ ಡ್ರ್ಯಾಗ್ ಫ್ಲಿಕ್. ಎದುರು ಗೋಲ್‌ಕೀಪರ್ ಸೇರಿ ಐದೇ ಜನ, ಉಳಿದವರೆಲ್ಲ ನಡುಗೆರೆಯ ಆಚೆ. ಇಡೀ ಕೆಲಸ ಕಣ್ಣು ಮಿಟುಕಿಸುವಷ್ಟರಲ್ಲಿ ಮುಗಿಯುತ್ತದೆ. ತಳ್ಳುವವನ ವೇಗ, ನಿಲ್ಲಿಸುವವನ ಜಾಗ, ಎಳೆಯುವವನ ಹೆಜ್ಜೆ ಮೂರೂ ಕೂಡಿ ಬಂದರೆ ಗೋಲು. ಒಂದು ಗೇಣು ಆಚೀಚೆಯಾದರೆ ಏನೂ ಇಲ್ಲ.

ನಮ್ಮ ಕಾಲೇಜು ತಂಡದಲ್ಲಿ ಚೆಂಡು ನಿಲ್ಲಿಸುವ ಕೆಲಸ ನನ್ನದಾಗಿತ್ತು. ಎರಡು ವರ್ಷ ಒಬ್ಬರೇ ಕೋಚ್. ಬೆಳಿಗ್ಗೆ ಮಂಜಿನಲ್ಲಿ ನೂರು ಸಲ ಅದೇ ಅದೇ ಮಾಡಿಸುತ್ತಿದ್ದರು. ತಳ್ಳುವ ಹುಡುಗನ ಭುಜ ನೋಡಿಯೇ ಚೆಂಡು ಎಲ್ಲಿಗೆ ಬರುತ್ತದೆ ಅಂತ ನನಗೆ ಗೊತ್ತಾಗುವಷ್ಟು. ಮೂರನೇ ವರ್ಷ, ವಿಶ್ವವಿದ್ಯಾಲಯದ ಪಂದ್ಯಗಳಿಗೆ ಹದಿನೈದು ದಿನ ಇರುವಾಗ, ಆಡಳಿತದವರಿಗೂ ಅವರಿಗೂ ಯಾವುದೋ ಖರ್ಚಿನ ವಿಷಯದಲ್ಲಿ ಮಾತು ಬಂದು ಅವರನ್ನು ಕಳಿಸಿಬಿಟ್ಟರು. ಹೊಸಬರು ಬಂದು ಮೂವರ ಜಾಗವನ್ನೂ ಬದಲಿಸಿದರು. ಅವರು ಕೆಟ್ಟವರೇನಲ್ಲ, ಅವರಿಗೆ ಅವರದೇ ಕ್ರಮ. ಮೊದಲ ಪಂದ್ಯದಲ್ಲೇ ಸೋತು ಬಂದೆವು. ಸಿಕ್ಕಿದ ಒಂದು ಪೆನಾಲ್ಟಿ ಕಾರ್ನರ್ ಕೂಡ ಗೋಲಾಗಲಿಲ್ಲ. ಬಸ್ಸಿನಲ್ಲಿ ಯಾರೂ ಮಾತಾಡಲಿಲ್ಲ. ಇವತ್ತಿಗೂ ಅದು ನೆನಪಾದರೆ ಹೊಟ್ಟೆಯೊಳಗೆ ಏನೋ ಆಗುತ್ತದೆ.

ಒಂದು ಕಾಲೇಜಿಗೇ ಹೀಗಾದರೆ ದೇಶದ ತಂಡಕ್ಕೆ? ಈಗ ಆ ಕತೆ.

1998ರ ಬ್ಯಾಂಕಾಕ್ ಏಷ್ಯನ್ ಗೇಮ್ಸ್. ಫೈನಲಿನಲ್ಲಿ ದಕ್ಷಿಣ ಕೊರಿಯಾ ವಿರುದ್ಧ ಟೈಬ್ರೇಕರ್, ಗೋಲಿನಲ್ಲಿ ಬೆಂಗಳೂರಿನ ಆಶಿಶ್ ಬಲ್ಲಾಳ್. 1966ರ ಬಳಿಕ, 32 ವರ್ಷ ಕಾದ ಮೇಲೆ ಚಿನ್ನ ಬಂತು. ಮುಂದೆ ಆದದ್ದೇನು? ನಾಯಕ ಧನರಾಜ್ ಪಿಳ್ಳೈ, ಬಲ್ಲಾಳ್ ಸೇರಿ ಹಿರಿಯ ಆಟಗಾರರನ್ನು ಮುಂದಿನ ತಂಡದಿಂದ ಕೈಬಿಟ್ಟರು. ಕೋಚ್ ಎಂ.ಕೆ. ಕೌಶಿಕ್ ಅವರೂ ಹೋದರು. ಹಿರಿಯರಿಗೆ ವಿಶ್ರಾಂತಿ ಅಂತ ಅಧಿಕೃತ ಮಾತು. ಭತ್ಯೆ ಸಾಲದು, ಸೌಲಭ್ಯ ಇಲ್ಲ ಅಂತ ಆಟಗಾರರು ಬಾಯಿ ಬಿಟ್ಟದ್ದಕ್ಕೆ ಸಿಕ್ಕಿದ ಶಿಕ್ಷೆ ಅದು ಅಂತಲೇ ಜನ ತಿಳಿದುಕೊಂಡರು. ಚಿನ್ನ ಗೆದ್ದ ತಂಡವನ್ನು ಚಿನ್ನ ಗೆದ್ದ ಕೂಡಲೇ ಒಡೆದು ಹಾಕುವ ಮನಸ್ಸು ಹೇಗೆ ಬರುತ್ತದೆ? ನನಗೆ ಇವತ್ತಿಗೂ ಅರ್ಥವಾಗಿಲ್ಲ.

2004ರ ಅಥೆನ್ಸ್. ಒಲಿಂಪಿಕ್ಸಿಗೆ ಕೆಲವೇ ವಾರ ಇರುವಾಗ ಕೋಚ್ ರಾಜಿಂದರ್ ಸಿಂಗ್ ಅವರನ್ನು ತೆಗೆದು ಜರ್ಮನಿಯ ಗೆರ್‌ಹಾರ್ಡ್ ರಾಕ್ ಅವರನ್ನು ತಂದರು. ರಾಜಿಂದರ್ ಸಿಂಗ್ ಅಂದರೆ 2001ರಲ್ಲಿ ಹುಡುಗರಿಗೆ ಜೂನಿಯರ್ ವಿಶ್ವಕಪ್ ಗೆಲ್ಲಿಸಿದವರು. ಆ ಹುಡುಗರಲ್ಲಿ ಎಷ್ಟೋ ಜನ ಅಥೆನ್ಸ್ ತಂಡದಲ್ಲೂ ಇದ್ದರು. ಭಾರತಕ್ಕೆ ಏಳನೇ ಸ್ಥಾನ.

2008ರ ಮಾರ್ಚಿನಲ್ಲಿ ಚಿಲಿಯ ಸ್ಯಾಂಟಿಯಾಗೊದಲ್ಲಿ ಬ್ರಿಟನ್ ವಿರುದ್ಧ 0-2 ಸೋಲು. ಬೀಜಿಂಗ್ ಒಲಿಂಪಿಕ್ಸಿಗೆ ಅರ್ಹತೆಯೇ ಸಿಗಲಿಲ್ಲ. 1928ರಿಂದ ತಪ್ಪದೆ ಹೋಗುತ್ತಿದ್ದ, ಎಂಟು ಚಿನ್ನ ಗೆದ್ದ ದೇಶ. ಮುಂದಿನ ತಿಂಗಳೇ ಭಾರತೀಯ ಹಾಕಿ ಫೆಡರೇಶನ್ನಿನ ಕಾರ್ಯದರ್ಶಿ ಟಿವಿ ವಾಹಿನಿಯೊಂದರ ಕುಟುಕು ಕಾರ್ಯಾಚರಣೆಯಲ್ಲಿ ಸಿಕ್ಕಿಬಿದ್ದು, ಫೆಡರೇಶನ್ನೇ ಅಮಾನತಾಯಿತು. 1994ರಿಂದ ಅದರ ಅಧ್ಯಕ್ಷರಾಗಿದ್ದವರು ಕೆ.ಪಿ.ಎಸ್. ಗಿಲ್. ಆ ಹದಿನಾಲ್ಕು ವರ್ಷದಲ್ಲಿ ಕೋಚ್‌ಗಳು ಸಾಲಾಗಿ ಬಂದು ಸಾಲಾಗಿ ಹೋದರು.

ಅದೇ ಹೊತ್ತಿನ ಇನ್ನೊಂದು ಘಟನೆ ನನಗೆ ಎಲ್ಲಕ್ಕಿಂತ ಜಾಸ್ತಿ ಹೊಟ್ಟೆ ಉರಿಸುವುದು. ಆಸ್ಟ್ರೇಲಿಯಾದ ರಿಕ್ ಚಾರ್ಲ್ಸ್‌ವರ್ತ್ ಆಗ ಭಾರತದಲ್ಲೇ ಇದ್ದರು. ಹಾಕಿ ಲೋಕದಲ್ಲಿ ಅವರಿಗಿಂತ ದೊಡ್ಡ ಗುರು ಸಿಗುವುದು ಕಷ್ಟ. ತಾಂತ್ರಿಕ ನಿರ್ದೇಶಕರಾಗಿ ಬಂದಿದ್ದರು. ಕೆಲಸ ಮಾಡಲು ಬಿಡದೆ, ಸಂಬಳವನ್ನೂ ಸರಿಯಾಗಿ ಕೊಡದೆ ಸತಾಯಿಸಿದ್ದಕ್ಕೆ ಬೇಸತ್ತು 2008ರ ಜುಲೈಯಲ್ಲಿ ರಾಜೀನಾಮೆ ಕೊಟ್ಟು ಹೋದರು. ಮರುವರ್ಷ ಆಸ್ಟ್ರೇಲಿಯಾ ತಂಡದ ಕೋಚ್ ಆದರು. 2010ರಲ್ಲಿ ವಿಶ್ವಕಪ್ ಗೆದ್ದರು, ಅದೂ ನಮ್ಮ ದೆಹಲಿಯಲ್ಲೇ. 2014ರಲ್ಲಿ ಮತ್ತೊಮ್ಮೆ. ನಾವು ಒಂದು ವರ್ಷವೂ ಉಳಿಸಿಕೊಳ್ಳಲಾಗದ ಮನುಷ್ಯನನ್ನು ಅವರು ಐದು ವರ್ಷ ನಂಬಿದರು.

2009ರಲ್ಲಿ ಹಾಕಿ ಇಂಡಿಯಾ ಅಂತ ಹೊಸ ಸಂಸ್ಥೆ ಬಂತು. ಹೆಸರು ಹೊಸದು, ಅಭ್ಯಾಸ ಹಳೆಯದು. 2012ರ ಲಂಡನ್ ಒಲಿಂಪಿಕ್ಸಿನಲ್ಲಿ ಹನ್ನೆರಡು ತಂಡಗಳಲ್ಲಿ ಹನ್ನೆರಡನೇ ಸ್ಥಾನ. 2013ರಲ್ಲಿ ಕೋಚ್ ಮೈಕೆಲ್ ನಾಬ್ಸ್ ಹೋದರು. ಮುಂದಿನದನ್ನು ಸ್ವಲ್ಪ ನಿಧಾನಕ್ಕೆ ಓದಿ.

ಟೆರಿ ವಾಲ್ಶ್ ಬಂದರು. 2014ರಲ್ಲಿ ಇಂಚಿಯಾನ್ ಏಷ್ಯನ್ ಗೇಮ್ಸಿನಲ್ಲಿ ಪಾಕಿಸ್ತಾನವನ್ನು ಸೋಲಿಸಿ ಚಿನ್ನ, ರಿಯೊ ಒಲಿಂಪಿಕ್ಸಿಗೆ ನೇರ ಪ್ರವೇಶ. ಒಂದೂವರೆ ತಿಂಗಳಲ್ಲಿ ಅಧಿಕಾರಿಗಳ ಜೊತೆ ಹೊಂದಾಣಿಕೆಯಾಗದೆ ಅವರು ಹೊರಟುಹೋದರು. 2015ರ ಆರಂಭದಲ್ಲಿ ಪಾಲ್ ವಾನ್ ಆಸ್ ಬಂದರು. ಬೆಲ್ಜಿಯಂನ ಆಂಟ್‌ವರ್ಪ್‌ನಲ್ಲಿ ಮೈದಾನದಲ್ಲೇ ಹಾಕಿ ಇಂಡಿಯಾ ಅಧ್ಯಕ್ಷರ ಜೊತೆ ಮಾತಿಗೆ ಮಾತು ಬೆಳೆಯಿತು. ಜುಲೈಯಲ್ಲಿ ಅವರೂ ಇಲ್ಲ. ಆರು ತಿಂಗಳು! ನಮ್ಮ ಕಡೆ ಒಂದು ಅಡಿಕೆ ಸಸಿ ನೆಟ್ಟರೂ ಅದು ಬೇರು ಬಿಡಲು ಅದಕ್ಕಿಂತ ಜಾಸ್ತಿ ಸಮಯ ಕೊಡುತ್ತೇವೆ. ಆಮೇಲೆ ರೋಲಂಟ್ ಓಲ್ಟ್‌ಮನ್ಸ್. 2016ರ ಚಾಂಪಿಯನ್ಸ್ ಟ್ರೋಫಿಯಲ್ಲಿ ಬೆಳ್ಳಿ, ರಿಯೊದಲ್ಲಿ ಕ್ವಾರ್ಟರ್ ಫೈನಲ್. 2017ರ ಸೆಪ್ಟೆಂಬರಿನಲ್ಲಿ ವಜಾ. ಭುವನೇಶ್ವರದ ವಿಶ್ವಕಪ್ಪಿಗೆ ಆಗ ಉಳಿದಿದ್ದದ್ದು ಹದಿನೈದು ತಿಂಗಳು.

ಅವರ ಜಾಗಕ್ಕೆ ಬಂದವರು ಶೋರ್ಡ್ ಮರೈನ್. ಎಲ್ಲಿಂದ? ನಮ್ಮದೇ ಮಹಿಳಾ ತಂಡದಿಂದ. ಮಹಿಳಾ ತಂಡಕ್ಕೆ ಹರೇಂದ್ರ ಸಿಂಗ್ ಅವರನ್ನು ಕಳಿಸಿದರು. ಎಂಟು ತಿಂಗಳಾಯಿತು. 2018ರ ಕಾಮನ್‌ವೆಲ್ತ್ ಗೇಮ್ಸಿನಲ್ಲಿ ಗಂಡಸರಿಗೆ ಪದಕ ಬರಲಿಲ್ಲ. ಕೂಡಲೇ ಇಬ್ಬರನ್ನೂ ಅದಲು ಬದಲು ಮಾಡಿದರು. ಮರೈನ್ ಮತ್ತೆ ಮಹಿಳಾ ತಂಡಕ್ಕೆ, ಹರೇಂದ್ರ ಪುರುಷರ ತಂಡಕ್ಕೆ. ಒಂದು ತಂಡ ಸೋತದ್ದಕ್ಕೆ ಎರಡು ತಂಡಗಳ ಬುಡ ಅಲ್ಲಾಡಿಸಿದರು. ಸರ್ದಾರ್ ಸಿಂಗ್ ಅವರಂಥ ಹಿರಿಯರನ್ನು ಕಾಮನ್‌ವೆಲ್ತ್ ತಂಡದಿಂದ ಕೈಬಿಟ್ಟಿದ್ದರು, ಕೋಚ್ ಬದಲಾದ ಕೂಡಲೇ ಮತ್ತೆ ಕರೆದರು. 2018ರ ಡಿಸೆಂಬರಿನಲ್ಲಿ ವಿಶ್ವಕಪ್ಪಿನ ಕ್ವಾರ್ಟರ್ ಫೈನಲಿನಲ್ಲಿ ನೆದರ್ಲೆಂಡ್ಸ್ ವಿರುದ್ಧ 1-2 ಸೋಲು. ಜನವರಿಯಲ್ಲಿ ಹರೇಂದ್ರ ಅವರೂ ಹೊರಗೆ. ಗ್ರಹಾಂ ರೀಡ್ ಬಂದದ್ದು ಏಪ್ರಿಲಿನಲ್ಲಿ. ನಡುವೆ ನಡೆದ ಅಜ್ಲಾನ್ ಶಾ ಕಪ್ಪನ್ನು ತಂಡ ಮುಖ್ಯ ಕೋಚ್ ಇಲ್ಲದೆಯೇ ಆಡಿತು.

ವಾಲ್ಶ್ ಬಂದ 2013ರ ಅಕ್ಟೋಬರಿನಿಂದ ರೀಡ್ ಬಂದ 2019ರ ಏಪ್ರಿಲ್ ತನಕ ಲೆಕ್ಕ ಹಾಕಿ. ಐದೂವರೆ ವರ್ಷ, ಆರು ಮುಖ್ಯ ಕೋಚ್. 2011ರಲ್ಲಿ ತಂಡಕ್ಕೆ ಬಂದ ಮನ್‌ಪ್ರೀತ್ ಸಿಂಗ್ ನಾಬ್ಸ್ ಅವರಿಂದ ಹಿಡಿದು ಕ್ರೇಗ್ ಫುಲ್ಟನ್ ತನಕ ಎಂಟು ಜನರ ಕೈಕೆಳಗೆ ಆಡಿದ್ದಾರೆ. ಆಸ್ಟ್ರೇಲಿಯಾದವರು ಬಂದು ಮೇಲೆ ಬಿದ್ದು ಆಡಿ ಅಂದರು, ಡಚ್ಚರು ಬಂದು ಚೆಂಡು ಹಿಡಿದುಕೊಳ್ಳಿ ಅಂದರು, ಮತ್ತೆ ಇನ್ನೊಬ್ಬರು ಇನ್ನೇನೋ ಅಂದರು. ಆಡುವವರು ಯಾರ ಮಾತು ಮೈಗೂಡಿಸಿಕೊಳ್ಳಬೇಕು, ಯಾರದ್ದು ಮರೆಯಬೇಕು?

ಇಲ್ಲಿ ಭಾವ ಒಂದು ಒಳ್ಳೆಯ ಮಾತು ಕೇಳಿದರು. "ಹಾಗಾದ್ರೆ ಇವರೆಲ್ಲ ಸೋಲ್ತಾನೇ ಇದ್ರಾ? ನಡುವೆ ಗೆದ್ದದ್ದು ಇಲ್ವಾ?"

ಇದೆ. ಅಲ್ಲೇ ನಾವು ಮೋಸ ಹೋಗುವುದು. 2017ರಲ್ಲಿ ಕೋಚ್‌ಗಳನ್ನು ಬದಲಿಸಿದ ಒಂದೆರಡು ತಿಂಗಳಲ್ಲೇ ಪುರುಷರು ಢಾಕಾದಲ್ಲಿ, ಮಹಿಳೆಯರು ಜಪಾನಿನಲ್ಲಿ ಏಷ್ಯಾ ಕಪ್ ಗೆದ್ದರು. ನೋಡಿ, ಬದಲಿಸಿದ್ದು ಸರಿಯಾಯಿತು ಅಂತ ಎಲ್ಲರೂ ಬೆನ್ನು ತಟ್ಟಿಕೊಂಡರು. ಆದರೆ ಅದು ಹಿಂದಿನವರು ಮಾಡಿಟ್ಟ ಅಡುಗೆ, ಬಂದವರು ಬಡಿಸಿದ್ದು. ಏಷ್ಯಾದಲ್ಲಿ ಗೆಲ್ಲಲು ಅಷ್ಟು ಸಾಕು. ಬೆಲ್ಜಿಯಂ, ಆಸ್ಟ್ರೇಲಿಯಾ, ನೆದರ್ಲೆಂಡ್ಸ್ ಎದುರು ಸಾಲದು. ಬೆಲ್ಜಿಯಂ ಶೇನ್ ಮೆಕ್‌ಲಿಯೋಡ್ ಒಬ್ಬರನ್ನೇ ಇಟ್ಟುಕೊಂಡು ರಿಯೊದಲ್ಲಿ ಬೆಳ್ಳಿ, 2018ರಲ್ಲಿ ವಿಶ್ವಕಪ್, ಟೋಕಿಯೋದಲ್ಲಿ ಚಿನ್ನ ತೆಗೆದುಕೊಂಡಿತು. ಆ ಅವಧಿಯಲ್ಲಿ ನಮ್ಮಲ್ಲಿ ಓಲ್ಟ್‌ಮನ್ಸ್, ಮರೈನ್, ಹರೇಂದ್ರ, ರೀಡ್ ನಾಲ್ವರು.

ಯಾಕೆ ಹೀಗೆ ಮಾಡುತ್ತಾರೆ? ನನಗೆ ಕಂಡ ಮಟ್ಟಿಗೆ ಎರಡು ಕಾರಣ. ಒಂದು, ನಮ್ಮ ಕೋಚ್‌ಗೆ ಇಬ್ಬರು ಯಜಮಾನರು. ತಂಡ ನಡೆಸುವುದು ಹಾಕಿ ಇಂಡಿಯಾ. ವಿದೇಶಿ ಕೋಚ್‌ನ ಸಂಬಳ ಬರುವುದು ಸರ್ಕಾರದ ಭಾರತೀಯ ಕ್ರೀಡಾ ಪ್ರಾಧಿಕಾರದಿಂದ. ತಂಡದ ಕ್ಯಾಂಪ್ ಹೆಚ್ಚಾಗಿ ನಡೆಯುವುದೂ ಬೆಂಗಳೂರಿನ ಆ ಪ್ರಾಧಿಕಾರದ ಕೇಂದ್ರದಲ್ಲೇ. ಇಬ್ಬರಿಗೂ ಉತ್ತರ ಕೊಡಬೇಕು, ಇಬ್ಬರಲ್ಲಿ ಒಬ್ಬರಿಗೆ ಮುನಿಸು ಬಂದರೂ ಕುರ್ಚಿ ಅಲ್ಲಾಡುತ್ತದೆ. ಎರಡನೆಯದು, ಸೋತಾಗ ಯಾರನ್ನಾದರೂ ತೋರಿಸಬೇಕಲ್ಲ. ಅಧಿಕಾರಿಗಳು ತಮ್ಮ ಕಡೆ ಬೆರಳು ತೋರಿಸಿಕೊಳ್ಳುವುದಿಲ್ಲ. ಕೋಚ್‌ನನ್ನು ಕಳಿಸಿದರೆ ಏನೋ ಕ್ರಮ ಕೈಗೊಂಡ ಹಾಗೆ ಕಾಣುತ್ತದೆ, ಪೇಪರಿನಲ್ಲೂ ಬರುತ್ತದೆ. ಲೀಗ್ ಯಾಕೆ ನಿಂತಿತು ಅಂತ ಯಾರೂ ಕೇಳುವುದಿಲ್ಲ. ಹಾಕಿ ಇಂಡಿಯಾ ಲೀಗ್ 2013ರಲ್ಲಿ ಶುರುವಾಗಿ 2017ರಲ್ಲಿ ನಿಂತದ್ದು, ಮತ್ತೆ ಬಂದದ್ದು 2024ರ ಕೊನೆಗೆ. ಹೊರದೇಶದ ದೊಡ್ಡ ಆಟಗಾರರ ಜೊತೆ ಒಂದೇ ತಂಡದಲ್ಲಿ ಆಡಿ ಕಲಿಯುವ ಏಳು ವರ್ಷ ನಮ್ಮ ಹುಡುಗರ ಕೈ ತಪ್ಪಿತು.

ಈಗ ರೀಡ್ ಕತೆ. ಟೋಕಿಯೋದಲ್ಲಿ ಎರಡನೇ ಪಂದ್ಯ, ಆಸ್ಟ್ರೇಲಿಯಾ ವಿರುದ್ಧ 1-7. ಆ ದಿನ ನಾನು ಟಿವಿ ಆಫ್ ಮಾಡಿ ತೋಟಕ್ಕೆ ಹೋಗಿಬಿಟ್ಟಿದ್ದೆ. ಬೇರೆ ಟೂರ್ನಿಯಾಗಿದ್ದರೆ ವಾಪಸ್ ಬಂದ ವಿಮಾನದಲ್ಲೇ ಕೋಚ್ ಕೆಲಸ ಹೋಗುತ್ತಿತ್ತು. ಆದರೆ ಒಲಿಂಪಿಕ್ಸ್ ನಡುವೆ ಯಾರನ್ನೂ ತೆಗೆಯಲಾಗುವುದಿಲ್ಲ. ಎರಡು ವರ್ಷ ಜೊತೆಗಿದ್ದ ಆಟಗಾರರಿಗೆ ಅವರ ಪಾಠ ಮೈಗೂಡಿತ್ತು, ಕೊರೊನಾ ಸಮಯದಲ್ಲಿ ಬೆಂಗಳೂರಿನ ಕ್ಯಾಂಪಿನಲ್ಲೇ ಒಟ್ಟಿಗೆ ಉಳಿದವರು. ಸ್ಪೇನ್ ವಿರುದ್ಧ 3-0, ಅರ್ಜೆಂಟೀನಾ ವಿರುದ್ಧ 3-1, ಜಪಾನ್ ವಿರುದ್ಧ 5-3. ಕಂಚಿನ ಪಂದ್ಯದಲ್ಲಿ ಜರ್ಮನಿ ಎದುರು 1-3 ಹಿಂದಿದ್ದು 5-4 ಗೆದ್ದರು. ಕೊನೆಯ ಸೆಕೆಂಡುಗಳಲ್ಲಿ ಜರ್ಮನಿಗೆ ಪೆನಾಲ್ಟಿ ಕಾರ್ನರ್, ಶ್ರೀಜೇಶ್ ತಡೆದರು. 41 ವರ್ಷದ ಬಳಿಕ ಪದಕ. ಅದೇ ಟೋಕಿಯೋದಲ್ಲಿ ಮರೈನ್ ಜೊತೆ ಮೂರು ವರ್ಷ ಉಳಿದ ನಮ್ಮ ಮಹಿಳೆಯರು ನಾಲ್ಕನೇ ಸ್ಥಾನಕ್ಕೆ ಬಂದರು, ಒಲಿಂಪಿಕ್ಸಿನಲ್ಲಿ ಅಷ್ಟು ಎತ್ತರಕ್ಕೆ ಅವರು ಅದಕ್ಕೂ ಮೊದಲು 1980ರಲ್ಲಿ ಮಾತ್ರ ಹೋಗಿದ್ದರು. 2024ರ ಜನವರಿಯಲ್ಲಿ ರಾಂಚಿಯಲ್ಲಿ ಜಪಾನ್ ವಿರುದ್ಧ 0-1 ಸೋತು ಪ್ಯಾರಿಸ್ ಅವಕಾಶ ಕಳೆದುಕೊಂಡರಲ್ಲ, ಅದು ನನಗೆ ಇನ್ನೂ ಆರದ ಗಾಯ.

2023ರ ವಿಶ್ವಕಪ್ ಸೋತು ರೀಡ್ ಹೋದರು. ಫುಲ್ಟನ್ ಬಂದರು, ಮೊದಲು ಗೋಲು ಬಿಟ್ಟುಕೊಡದೆ ಆಡುವುದನ್ನು ಕಲಿಯಿರಿ ಅನ್ನುವ ಕ್ರಮ. ಪ್ಯಾರಿಸಿನಲ್ಲಿ ಬ್ರಿಟನ್ ವಿರುದ್ಧ ಅಮಿತ್ ರೋಹಿದಾಸ್‌ಗೆ ಕೆಂಪು ಕಾರ್ಡ್ ಸಿಕ್ಕಿ ಹತ್ತೇ ಜನ ಉಳಿದಾಗ ಆ ಪಾಠ ಕಣ್ಣಿಗೆ ಕಂಡಿತು. ಪಂದ್ಯದ ಬಹುಪಾಲು ಹೊತ್ತು ಹತ್ತು ಜನ ನಿಂತು ತಡೆದರು, ಶೂಟೌಟಿನಲ್ಲಿ ಗೆದ್ದರು. ಮತ್ತೆ ಕಂಚು.

ಹಾಗಂತ ಕೋಚ್‌ನನ್ನು ಯಾವತ್ತೂ ತೆಗೆಯಬಾರದು ಅಂತಲ್ಲ. ಲಂಡನ್ ಆದ ಮೇಲೆ ಬದಲಾವಣೆ ಬೇಕಿತ್ತು. ಆದರೆ ನಾಬ್ಸ್ ಅವರನ್ನು ಆಗ ಕಳಿಸದೆ ಒಂದು ವರ್ಷ ಕಳೆದು 2013ರಲ್ಲಿ ಕಳಿಸಿದರು. ನಾಲ್ಕು ವರ್ಷದ ತಿರುಗಾಟದಲ್ಲಿ ಒಂದು ವರ್ಷ ಹಾಗೇ ಹೋಯಿತು. ತೆಗೆಯುವುದಿದ್ದರೆ ಒಲಿಂಪಿಕ್ಸ್ ಮುಗಿದ ತಿಂಗಳಲ್ಲಿ ತೆಗೆಯಿರಿ, ಬರುವವರನ್ನು ಮೊದಲೇ ನೋಡಿಟ್ಟುಕೊಳ್ಳಿ. ಬಂದ ದಿನವೇ ಯಾವ ಟೂರ್ನಿಯ ಫಲಿತಾಂಶದ ಮೇಲೆ ಅವರನ್ನು ಅಳೆಯುತ್ತೀರಿ, ತಂಡ ಆರಿಸುವ ಕೊನೆಯ ಮಾತು ಯಾರದ್ದು ಅನ್ನುವುದನ್ನು ಬರೆದು ಎಲ್ಲರಿಗೂ ಕಾಣುವ ಹಾಗೆ ಹಾಕಿ.

ಭಾವ ಎಲ್ಲ ಕೇಳಿ ಗ್ಲಾಸ್ ತೊಳೆಯಲು ಎದ್ದರು. "ಮುಂದಿನದು ಯಾವಾಗ?" ಅಂದರು. 2028ರ ಜುಲೈ, ಲಾಸ್ ಏಂಜಲೀಸ್ ಅಂದೆ. ಪಂದ್ಯ ಇರುವ ದಿನ ಅಂಗಡಿಯ ಟಿವಿಯಲ್ಲಿ ಹಾಕೋಣ, ಆದರೆ ಪೆನಾಲ್ಟಿ ಕಾರ್ನರ್ ಬಂದಾಗ ಪಕ್ಕದಲ್ಲಿ ಕೂತು ಯಾರು ಏನು ಮಾಡ್ತಾರೆ ಅಂತ ನೀನೇ ಹೇಳಬೇಕು ಅಂದರು. ಒಪ್ಪಿಕೊಂಡು ಬಂದಿದ್ದೇನೆ.